ಡೆಲ್ಲಾ ಡೈನಮೈಟಳ ಹಿನ್ನೆಲೆ ಗಾಯಕಿ

ಮಾರ್ಚ್ 6, 1973, ಮಂಗಳವಾರ. ಮೇಕನ್

ಇಂದೂ ನಿನ್ನೆಯ ಹಾಗೆಯೇ ಎಂದು ಒಂದು ಸಾಲು ಬರೆದು ಮಲಗೋಣವೆಂದಿದ್ದೆ. ಹಾಗಾಗಲಿಲ್ಲ.

ಗ್ಯಾಸ್ಕಿನ್ ಅವರ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಒಬ್ಬನ ಮದುವೆ ಕೋಟಿಗೆ ಇಸ್ತ್ರಿ ಹಾಕುತ್ತಿದ್ದೆ. ಕೋಟಿನ ಒಡೆಯ ಕಾಯುತ್ತಾ ನಿಂತಿದ್ದ. ಆಲಬಾಮದ ಕಡೆಯವನು. ನನ್ನ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದ.

"ಅಲ್ಲಮ್ಮಾ, ನೀವು ಡೆಲ್ಲಾ ಡೈನಮೈಟ್ ಥರಾನೇ ಇದ್ದೀರಲ್ಲ! ಶನಿವಾರ ತಾನೇ ಡೋಥನ್‌ನಲ್ಲಿ ಆಕೆ ಪ್ರೋಗ್ರಾಂ ನೋಡ್ಕೊಂಡ್ ಬಂದೆ. ಅಬ್ಬಾ, ಏನ್ ಕುಣಿತ! ಆದ್ರೆ ಆಕೆ ನಿಮಗಿಂತ ತೆಳ್ಳಗಿದ್ದಾಳೆ. ವಯಸ್ಸೂ ಕಮ್ಮಿ."

ಶನಿವಾರ ಡೆಲ್ಲಾ ಡೈನಮೈಟ್ ಎಲ್ಲಿದ್ದಳೆಂದು ನನಗೆ ಚೆನ್ನಾಗಿ ಗೊತ್ತು. ಯೂಲಾ ಚಿಕ್ಕಮ್ಮನ ಅಡುಗೆಮನೆಯಲ್ಲಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಕಾಲು ನನ್ನವೇ.

ಡೆಲ್ಲಾ ಡೈನಮೈಟ್ ನಾನು. 'ಒಲೆ ಮೇಲೆ ಕೆಟಲ್' ಹಾಡಿದವಳು ನಾನು. ಅರವತ್ತನಾಲ್ಕರ ಬೇಸಿಗೆಯಲ್ಲಿ ಜಾರ್ಜಿಯಾದಲ್ಲಿ ಆ ಹಾಡು ಕೇಳಿಸದ ಕ್ಷೌರದಂಗಡಿಯೇ ಇರಲಿಲ್ಲ. ಹಾಡಿನ ಕೊನೆಯಲ್ಲಿ ಕೆಟಲ್ ಕುದಿದು ಸೀಟಿ ಹಾಕುತ್ತದಲ್ಲ, ಅದು ಯಾವ ವಾದ್ಯವೂ ಅಲ್ಲ, ನನ್ನ ಗಂಟಲು. ಅರವತ್ತೊಂಬತ್ತರಲ್ಲಿ ಗಂಟಲಲ್ಲಿ ಗಂಟು ಕಟ್ಟಿತು, ಡಾಕ್ಟರು ಕತ್ತರಿಸಿದರು, ಗಂಟಿನ ಜೊತೆ ಸೀಟಿಯೂ ಹೋಯಿತು. ಹಾಡು ಬಿಟ್ಟೆ, ಇಸ್ತ್ರಿ ಹಿಡಿದೆ. ಅಷ್ಟೇ ಕಥೆ. ಆದರೆ ಬಿಟ್ಟವಳು ನಾನು ತಾನೆ? ಬಿಟ್ಟದ್ದನ್ನು ಯಾರೋ ಎತ್ತಿಕೊಂಡು ಹೋಗಬಹುದೇ?

ಕೋಟಿನ ಕಾಲರು ಸುಟ್ಟುಹೋಯಿತು.

ಮಾರ್ಚ್ 8, ಗುರುವಾರ

ಬ್ಯಾಟ್ಸ್ ಬಳಿ ಹೋಗಿದ್ದೆ. ಕ್ಲಿಯೋಫಸ್ ಬ್ಯಾಟ್ಸ್, ಆಗ ನನ್ನ ಪ್ರೋಗ್ರಾಂಗಳನ್ನೆಲ್ಲ ಗೊತ್ತುಮಾಡುತ್ತಿದ್ದವನು. ಎದ್ದುಬಂದು ಅಪ್ಪಿಕೊಂಡ. ಅದೇ ಸುಗಂಧದೆಣ್ಣೆ.

"ಜೀಲೀ! ಗಂಟಲು ಹೇಗಿದೆ ಬಂಗಾರಾ?"

"ನನ್ನ ಹೆಸರಿಟ್ಕೊಂಡು ಯಾವಳೋ ಊರೂರು ಕುಣೀತಿದ್ದಾಳಂತೆ."

"ನಿನ್ನ ಹೆಸರೇನು?"

"ಡೆಲ್ಲಾ ಡೈನಮೈಟ್."

"ಅಲ್ಲ ಕಣೇ. ನಿನ್ನ ಹೆಸರು ಆರ್ಜೀಲಿಯಾ ಸ್ಪೈವಿ. ಡೆಲ್ಲಾ ಡೈನಮೈಟ್ ಅನ್ನೋದು ನನ್ನ ಹೆಸರು."

ಕರಾರುಪತ್ರ ತೆಗೆದು ತೋರಿಸಿದ. ಆ ಹೆಸರು ಎಂಬತ್ತನೇ ಇಸವಿಯವರೆಗೆ ಅವನದಂತೆ. ಕೆಳಗೆ ನನ್ನದೇ ರುಜು. ಆಗ ನನಗೆ ಎಂಬತ್ತನೇ ಇಸವಿ ಎಂದರೆ ಚಂದ್ರಲೋಕದಷ್ಟು ದೂರವಿತ್ತು.

"ಹಾಗಾದ್ರೆ ನೀನೇ ಲಂಗ ಹಾಕ್ಕೊಂಡು ಕುಣಿಯಪ್ಪಾ," ಎಂದೆ.

"ಕುಣಿದೆ. ಟ್ಯಾಲಹಾಸಿಯಲ್ಲಿ ಒಂದ್ಸಲ. ಜನ ಒಪ್ಪಲಿಲ್ಲ." ನಗದೆ ಹೇಳಿದ.

ಹೊರಡುವಾಗ ನಿಜವಾದ ಕಾಳಜಿಯಿಂದಲೇ ಕೇಳಿದ: "ಕೆಟಲ್ ಈಗ ಸೀಟಿ ಹಾಕತ್ತಾ? ಒಂಚೂರು ಹಾಕಿ ತೋರ್ಸು." ಪ್ರಯತ್ನಿಸಿದೆ. ಇಸ್ತ್ರಿಪೆಟ್ಟಿಗೆಯಿಂದ ಹಬೆ ಬಿಟ್ಟಂತೆ ಬರೀ ಗಾಳಿ ಬಂತು. ಬ್ಯಾಟ್ಸ್ ನನ್ನ ಭುಜ ತಟ್ಟಿದ. "ನೋಡು, ನೀನೂ ಡೆಲ್ಲಾ ಅಲ್ಲ."

ಅಳುತ್ತಾ ಬಸ್ಸಿನಲ್ಲಿ ಬಂದೆ. ಪಕ್ಕದವಳು ಹಲ್ಲುನೋವೇ ಎಂದು ಕೇಳಿದಳು. ಹೌದು ಎಂದೆ.

ಮಾರ್ಚ್ 18, ಭಾನುವಾರ. ಕೊಲಂಬಸ್

ಇವತ್ತು ಬೆಳಿಗ್ಗೆ ಯಾರದೋ ಮನೆಯ ಸೋಫಾದ ಮೇಲೆ ಎದ್ದೆ. ನಡೆದದ್ದನ್ನು ಬರೆಯದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ಆಕೆಯ ಪ್ರೋಗ್ರಾಂ ಇಲ್ಲಿದೆಯೆಂದು ತಿಳಿದು, ಆ ಕಳ್ಳಿಯ ಜುಟ್ಟು ಹಿಡಿದು ಕೇಳಬೇಕೆಂದೇ ನಿನ್ನೆ ಬಂದೆ. ಕ್ಲಬ್ಬಿನ ಹಿಂಬಾಗಿಲಿನಿಂದ ನುಗ್ಗಿದರೆ ಸ್ಯಾಕ್ಸೋಫೋನ್ ಹಿಡಿದ ಒಬ್ಬ ಬೊಜ್ಜಿನ ಮನುಷ್ಯ ಎದುರಾದ. ಹೋಸಿಯಾ ಎಂದು ಹೆಸರು. ವಾದ್ಯದವರಿಗೆಲ್ಲ ಅವನೇ ಯಜಮಾನ. ನನ್ನ ಕಾಲದವರು ಒಬ್ಬರೂ ಅಲ್ಲಿರಲಿಲ್ಲ.

"ಬಂದ್ರಾ ಸಿಸ್ಟರ್? ಎಷ್ಟೊತ್ತಿಂದ ಕಾಯ್ತಿದ್ದೀವಿ! ಹಿನ್ನೆಲೆ ಹಾಡೋಳು ಮದುವೆ ಆಗಿ ಓಡೋಗಿದ್ದಾಳೆ. 'ಕೆಟಲ್' ಹಾಡು ಗೊತ್ತಾ?"

"ಗೊತ್ತಾ ಅಂದ್ರೆ? ಆ ಹಾಡು—"

"ಗೊತ್ತಿದ್ರೆ ಸಾಕು." ತಾಳಕ್ಕೆ ಬಡಿಯುವ ದಮ್ಮಡಿಯೊಂದನ್ನು ಕೈಗೆ ತುರುಕಿ ಪರದೆಯ ಪಕ್ಕಕ್ಕೆ ನೂಕಿದ.

ಬೆಳಕಿನಲ್ಲಿ ಆಕೆ ನಿಂತಿದ್ದಳು. ಚಿನ್ನದ ಬಣ್ಣದ ಅಂಗಿ, ನನ್ನ ಹಳೆಯ ಕೂದಲ ವಿನ್ಯಾಸ, ಇಪ್ಪತ್ನಾಲ್ಕು ಇಂಚಿನ ಸೊಂಟ. ಬೈಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಡ್ರಮ್ಮಿನವನು ತಾಳ ಎತ್ತಿಕೊಂಡ, ಬೇಸ್ ಗಿಟಾರು ಹೊಟ್ಟೆಯೊಳಗೆ ಗುದ್ದಿತು, ತೆರೆದ ಬಾಯಿಯಿಂದ ಹಾಡೇ ಬಂತು. ಮೇಲಿನ ದನಿ ಹೋಗಿದ್ದರೂ ಕೆಳಗಿನ ದನಿ ಗುಂಡಿಗೆಯೊಳಗೆ ಕೂತಿತ್ತು, ನನಗೇ ಗೊತ್ತಿರಲಿಲ್ಲ. ಆ ಹುಡುಗಿ ಬೆಚ್ಚಿ ತಿರುಗಿ ನೋಡಿದಳು. ಆಮೇಲೆ ನನ್ನ ದನಿಯ ಮೇಲೆ ಹತ್ತಿ ನಿಂತು ಸೀಟಿ ಹಾಕಿದಳು. ನನ್ನ ಸೀಟಿ! ಜನ ಕುರ್ಚಿ ಹತ್ತಿ ಕುಣಿದರು.

ಮುಗಿದ ಮೇಲೆ ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. "ಎಲ್ಲಿದ್ರಿ ಅಕ್ಕಾ ಇಷ್ಟು ದಿನ? ಇವತ್ತೇ ಮೊದಲ ಸಲ ನಾನು ರೆಕಾರ್ಡಿನ ಥರ ಕೇಳಿಸಿದ್ದು!"

ಜುಟ್ಟು ಹಿಡಿಯುವುದು ನಾಳೆಗೆ ಇರಲಿ.

ಮಾರ್ಚ್ 31, ಶನಿವಾರ. ಆಲ್ಬನಿ

ಇನ್ನೂ ಜುಟ್ಟು ಹಿಡಿದಿಲ್ಲ. ಸಮಯ ನೋಡುತ್ತಿದ್ದೇನೆ.

ಕಳ್ಳಿಯ ಹೆಸರು ರೋವೀನಾ ಪೆಟಿಗ್ರೂ, ಒಪಲೈಕಾ ಊರಿನವಳು. ಡೆಲ್ಲಾ ಡೈನಮೈಟ್ ಹೇಗೆ ನಿಲ್ಲುತ್ತಾಳೆ, ಮೈಕನ್ನು ಹೇಗೆ ಹಿಡಿಯುತ್ತಾಳೆ ಎಂದು ನನಗೆ ಪಾಠ ಹೇಳುತ್ತಾಳೆ. "ಎಡಗಾಲು ಮುಂದೆ ಅಕ್ಕಾ. ಡೆಲ್ಲಾ ಯಾವತ್ತೂ ಬಲಗಾಲು ಮುಂದಿಡಲ್ಲ." ನಾನು ಎಡಗಾಲು ಮುಂದಿಡುತ್ತಿದ್ದುದು ಬಲ ಚಪ್ಪಲಿ ಕಚ್ಚುತ್ತಿತ್ತೆಂದು. ಎಡಗಾಲನ್ನೇ ಮುಂದಿಟ್ಟೆ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. "ಅವಳನ್ನ ಹಿಡಿದ್ಯಾ?" ಎಂದಳು. "ಹಿಡೀತೀನಿ," ಎಂದೆ. "ಇಸ್ತ್ರಿ ಅಂಗಡಿಯೋರು ಕೇಳ್ತಿದ್ದಾರೆ ಕಣೇ." ಜ್ವರ ಎಂದು ಹೇಳಲು ತಿಳಿಸಿದೆ.

ಏಪ್ರಿಲ್ 11, ಬುಧವಾರ

ಇವತ್ತು ರೇಡಿಯೋದವನೊಬ್ಬ ಡೆಲ್ಲಾಳ ಜೀವನಚರಿತ್ರೆ ಕೇಳಲು ಬಂದ. ಬ್ಯಾಟ್ಸ್ ಬರೆದುಕೊಟ್ಟದ್ದನ್ನು ರೋವೀನಾ ಗಿಣಿಯಂತೆ ಒಪ್ಪಿಸಿದಳು: ನ್ಯೂ ಆರ್ಲಿಯನ್ಸ್‌ನ ಹಡಗಿನ ಮೇಲೆ ಹುಟ್ಟಿದ್ದು, ತಂದೆ ಜಾದೂಗಾರ, ತಾಯಿ ಮೊಸಳೆಗಳನ್ನು ಪಳಗಿಸುತ್ತಿದ್ದವಳು. ನನ್ನ ತಾಯಿ ಮೇಕನ್‌ನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವಳು, ಬೆಕ್ಕಿಗೂ ಹೆದರುತ್ತಿದ್ದಳು. 

"ಮೊದಲು ಹಾಡಿದ್ದು ಎಲ್ಲಿ?" ಎಂದು ಅವನು ಕೇಳಿದಾಗ ಹುಡುಗಿಗೆ ಉತ್ತರ ಮರೆತುಹೋಯಿತು. ಕಣ್ಣು ಬಿಟ್ಟುಕೊಂಡು ನನ್ನನ್ನು ನೋಡಿದಳು.

"ಚರ್ಚಿನಲ್ಲಿ," ಎಂದೆ. "ಹತ್ತು ವರ್ಷದವಳಿದ್ದಾಗ. ಪಾಸ್ಟರ್ ಪ್ರಸಂಗ ಮಾಡ್ತಿದ್ರು, ಈಕೆ ಎದ್ದು ಹಾಡೋಕೆ ಶುರು ಮಾಡಿದ್ಲು. ಪಾಸ್ಟರ್ ನಿಲ್ಲಿಸು ಅಂದ್ರು. ಜನ ಪಾಸ್ಟರಿಗೆ ನಿಲ್ಲಿಸು ಅಂದ್ರು."

ರೇಡಿಯೋದವನು ನಕ್ಕು ಬರೆದುಕೊಂಡ. "ನೀವು ಯಾರು?"

"ದಮ್ಮಡಿ," ಎಂದೆ.

ಮೊಸಳೆ ವಿಷಯವನ್ನು ಸ್ವಲ್ಪ ತಿದ್ದಿದೆ. ಒಂದೇ ಮೊಸಳೆ, ಅದೂ ಮುದಿ ಎಂದೆ. ಹಾಗಿದ್ದರೆ ಜನ ನಂಬುತ್ತಾರೆ.

ಏಪ್ರಿಲ್ 20, ಶುಭ ಶುಕ್ರವಾರ

ಇವತ್ತು ಹಾಡಿಲ್ಲ. ಹೋಸಿಯಾ ಹೆಂಡತಿಯ ಮನೆಯಲ್ಲಿ ಎಲ್ಲರಿಗೂ ಹುರಿದ ಮೀನು. ಊಟವಾದ ಮೇಲೆ ಹಿತ್ತಲಲ್ಲಿ ರೋವೀನಾಳ ಕೂದಲು ಹೆಣೆಯುತ್ತಾ ಕೂತಿದ್ದೆ. ಅವಳು 'ಕೆಟಲ್' ಹಾಡಿನ ಎರಡನೇ ಚರಣ ಗುನುಗುತ್ತಿದ್ದಳು.

"ಅದು 'ಒಡಲೆಲ್ಲಾ ಬೆಂಕಿ' ಅಲ್ಲ ಮಗಳೇ," ಎಂದೆ, "'ಒಳಗೆಲ್ಲಾ ಬೆಂಕಿ.' ರೆಕಾರ್ಡ್ ಮಾಡೋವಾಗ ಬಾಯಲ್ಲಿ ಕೆಮ್ಮಿನ ಗುಳಿಗೆ ಇತ್ತು. ಅದಕ್ಕೇ ಹಾಗೆ ಕೇಳ್ಸತ್ತೆ."

"ಯಾರ ಬಾಯಲ್ಲಿ?"

"ನನ್ನ ಬಾಯಲ್ಲಿ."

ಬಾಯಿ ಜಾರಿತ್ತು. ಅವಳು ನಿಧಾನವಾಗಿ ತಿರುಗಿದಳು. ನನ್ನ ಹಣೆ, ಮೂಗು, ಗಂಟಲ ಮೇಲಿನ ಗಾಯದ ಗುರುತು, ಒಂದೊಂದನ್ನೇ ನೋಡಿದಳು. ಅರ್ಧ ಹೆಣೆದ ಕೂದಲಿನಲ್ಲೇ ಎದ್ದು ನಿಂತಳು.

"ನೀವು... ನೀವು ಸತ್ತಿಲ್ವಾ?"

"ನಾನ್ಯಾಕೆ ಸಾಯ್ಲಿ?"

"ಬ್ಯಾಟ್ಸ್ ಹೇಳಿದ್ದ, ನೀವು ತೀರ್ಕೊಂಡ್ರಿ, ಸಾಯೋವಾಗ ಹೆಸರು ಉಳಿಸ್ಬೇಕು ಅಂತ ಕೇಳ್ಕೊಂಡ್ರಿ ಅಂತ. ಪುಣ್ಯದ ಕೆಲಸ ಅನ್ಕೊಂಡಿದ್ದೆ ಅಕ್ಕಾ! ಪ್ರತಿ ಸಲ ಸ್ಟೇಜ್ ಹತ್ತೋಕ್ ಮುಂಚೆ ನಿಮ್ಮ ಆತ್ಮಕ್ಕೆ ಪ್ರಾರ್ಥನೆ ಮಾಡ್ತಿದ್ದೆ!"

ನೆಲಕ್ಕೆ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಒಂದು ತಿಂಗಳಿಂದ ಕಾಯ್ದಿಟ್ಟ ಬೈಗುಳಗಳೆಲ್ಲ ನನ್ನ ಬಾಯಲ್ಲಿದ್ದವು, ಒಂದೂ ಹೊರಬರಲಿಲ್ಲ. ಅಷ್ಟರಲ್ಲಿ ಅವಳು ಮೂಗು ಒರೆಸಿಕೊಂಡು ತಲೆ ಎತ್ತಿದಳು.

"ಅಕ್ಕಾ, ನಿಜ ಹೇಳಿ. ನಾನು ನಿಮ್ಮನ್ನ ಚೆನ್ನಾಗಿ ಮಾಡ್ತಿದ್ದೀನಾ?"

ಯೋಚಿಸಿದೆ. "ಸೊಂಟ ಸ್ವಲ್ಪ ಜಾಸ್ತಿ ಆಯ್ತು," ಎಂದೆ. "ಕೂತ್ಕೋ, ಜಡೆ ಮುಗಿಸ್ತೀನಿ."

ಮೇ 9, ಬುಧವಾರ. ಮೇಕನ್

ಬ್ಯಾಟ್ಸ್ ಇವತ್ತು ಬೆಂಕಿಯಾಗಿದ್ದಾನೆ. ಫ್ಲಾರಿಡಾದಲ್ಲಿ ಇನ್ನೊಬ್ಬ ಡೆಲ್ಲಾ ಡೈನಮೈಟ್ ಹುಟ್ಟಿಕೊಂಡಿದ್ದಾಳಂತೆ. ಕಾಲಿಗೆ ಗಾಲಿ ಕಟ್ಟಿಕೊಂಡು, ಸ್ಟೇಜಿನ ಮೇಲೆ ಉರುಳುತ್ತಾ ಹಾಡುತ್ತಾಳಂತೆ.

"ಏನ್ ಕಾಲ ಬಂತು ಜೀಲೀ! ನಾಚಿಕೆ ಮಾನ ಮರ್ಯಾದೆ ಇಲ್ವಾ ಜನಕ್ಕೆ? ಕಷ್ಟಪಟ್ಟು ಬೆಳೆಸಿದ ಹೆಸರನ್ನ ಕದಿಯೋದಾ?"

ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಕೇಸು ಹಾಕಿದ್ದಾನೆ. ರೋವೀನಾಳೇ ಅಸಲಿ ಡೆಲ್ಲಾ ಎಂದು ನಾನು ಬಂದು ಸಾಕ್ಷಿ ಹೇಳಬೇಕಂತೆ.

"ನಾನು? ನಾನು ಹೇಳ್ಬೇಕಾ, ಅವಳು ನಾನು ಅಂತ?"

"ನಿನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರತ್ತೆ?"

ಚಿಕ್ಕಮ್ಮನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು. ರೋವೀನಾ ಮಾತ್ರ ನಗಲಿಲ್ಲ. ಸೋತರೆ ಜೈಲಿಗೆ ಹೋಗುವವಳು ಅವಳು.

ಮೇ 22, ಮಂಗಳವಾರ. ಫ್ಲಾರಿಡಾ

ನ್ಯಾಯಾಧೀಶರು ಕೆಂಪು ಮುಖದ ಮುದುಕ. ಮೇಜಿನ ಕೆಳಗೆ ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದರು. ಗಾಲಿ ಡೆಲ್ಲಾ ಗಾಲಿಗಳ ಸಮೇತ ಬಂದಿದ್ದಳು. ಬಿಚ್ಚು ಎಂದರು. ಬಿಚ್ಚಿದ ಮೇಲೆ ಆಕೆ ತೀರಾ ಕುಳ್ಳಿ. ಮೊಣಕಾಲಿನ ತುಂಬಾ ತರಚುಗಾಯ. ಹತ್ತೊಂಬತ್ತು ದಾಟಿರಲಿಕ್ಕಿಲ್ಲ.

"ಇಬ್ಬರಲ್ಲಿ ಯಾರು ಸುಳ್ಳಿಯೋ ಅವಳು ಜೈಲಿಗೆ," ಎಂದರು. ರೆಕಾರ್ಡು ಹಾಕಿಸಿದರು. ನನ್ನ ಹಳೆಯ ದನಿ ಕೋರ್ಟಿನ ತುಂಬಾ ಕುದಿಯಿತು. ಬಾಗಿಲ ಬಳಿಯ ಪೊಲೀಸಿನವನ ಬೂಟು ತಾಳ ಹಾಕುತ್ತಿತ್ತು.

"ಈಗ ನೀವು ಹಾಡಿ."

ಗಾಲಿ ಡೆಲ್ಲಾ ಹಾಡಿದಳು. ಅವಳ ಕೆಟಲ್ ರೈಲಿನ ಹಾಗೆ ಕೂಗಿತು. ರೋವೀನಾ ಎದ್ದಳು, ಬಾಯಿ ತೆರೆದಳು, ಹೆದರಿಕೆಗೆ ದನಿಯೇ ಹೊರಡಲಿಲ್ಲ.  ನನ್ನ ಕಡೆ ನೋಡಿದಳು. ಅಭ್ಯಾಸಬಲದಿಂದ ಕೂತಲ್ಲೇ ಕೆಳಗಿನ ದನಿ ಎತ್ತಿಬಿಟ್ಟೆ.

ಸುತ್ತಿಗೆ ಬಡಿಯಿತು. "ನೀನ್ಯಾರಮ್ಮಾ?"

"ಆರ್ಜೀಲಿಯಾ ಸ್ಪೈವಿ ಸ್ವಾಮಿ. ಹಿನ್ನೆಲೆ ಹಾಡೋಳು."

ಕಟಕಟೆ ಹತ್ತಿಸಿದರು. ಬೈಬಲ್ ಮುಟ್ಟಿಸಿದರು.

"ಡೆಲ್ಲಾ ಡೈನಮೈಟ್ ನಿನಗೆ ಗೊತ್ತಾ?"

"ಮೊದಲಿಂದ ಗೊತ್ತು ಸ್ವಾಮಿ."

"ಈ ಕೋಣೇಲಿ ಇದ್ದಾಳಾ?"

ಬ್ಯಾಟ್ಸ್ ಕೆಮ್ಮಿದ, ಗದ್ದದಿಂದ ರೋವೀನಾಳನ್ನು ತೋರಿಸಿದ. ರೋವೀನಾಳೇ ಎಂದು ಹೇಳಿದರೆ ಆ ಕುಳ್ಳಿ ಜೈಲಿಗೆ. ನಾನೇ ಎಂದು ಹೇಳಿದರೆ ಇಬ್ಬರೂ ಜೈಲಿಗೆ, ನಾನು ಎಂಬತ್ತನೇ ಇಸವಿಯವರೆಗೆ ಬ್ಯಾಟ್ಸ್ ಕೈಗೆ. ಮೇಲಾಗಿ ಸೀಟಿ ಹಾಕು ಎಂದರೆ ಎಲ್ಲಿಂದ ತರಲಿ? ಬೈಬಲ್ ಮುಟ್ಟಿ ಸುಳ್ಳು ಹೇಳುವಂತೆಯೂ ಇಲ್ಲ.

"ಇಲ್ಲ ಸ್ವಾಮಿ," ಎಂದೆ. "ಅರವತ್ತೊಂಬತ್ತರಲ್ಲಿ ಗಂಟಲ ಆಪರೇಷನ್ ಅಂತ ಆಸ್ಪತ್ರೆಗೆ ಹೋದ್ಲು. ಹೊರಗೆ ಬರಲಿಲ್ಲ."

ನ್ಯಾಯಾಧೀಶರು ಕನ್ನಡಕ ತೆಗೆದರು. "ಅಯ್ಯೋ ಪಾಪ. ನನ್ನ ಹೆಂಡತಿಗೆ ಆ ಹಾಡು ಅಂದ್ರೆ ಪ್ರಾಣ. ಎಲ್ಲರೂ ಎದ್ದು ನಿಲ್ಲಿ."

ಎಲ್ಲರೂ ನಿಂತೆವು. ನಾನೂ ನಿಂತು ತಲೆ ತಗ್ಗಿಸಿದೆ. ಬ್ಯಾಟ್ಸ್ ಕೂಡ ಟೋಪಿ ತೆಗೆದು ನಿಲ್ಲಬೇಕಾಯಿತು. ಆಕೆ ಬದುಕಿದ್ದಾಳೆ ಎಂದು ಹೇಳಿದರೆ ರೋವೀನಾ ಯಾರು ಎಂದು ಹೇಳಬೇಕಲ್ಲ, ಬಾಯಿ ಮುಚ್ಚಿಕೊಂಡೇ ಇದ್ದ. ಗಾಲಿ ಹುಡುಗಿ ಗೊಳೋ ಎಂದು ಅಳುತ್ತಿದ್ದಳು.

ತೀರ್ಪು: ಸತ್ತವಳ ಹೆಸರನ್ನು ಯಾರೂ ಬಳಸಕೂಡದು, ಬ್ಯಾಟ್ಸ್‌ಗೂ ಗಾಲಿ ಡೆಲ್ಲಾಳನ್ನು ಕುಣಿಸುತ್ತಿದ್ದ ಫ್ಲಾರಿಡಾದವನಿಗೂ ದಂಡ, ದೂರು ಕೊಡಲು ಅಸಲಿಯೇ ಇಲ್ಲವಾದ್ದರಿಂದ ಹುಡುಗಿಯರಿಬ್ಬರೂ ಮನೆಗೆ. ಬ್ಯಾಟ್ಸ್‌ನ ಕರಾರುಪತ್ರವನ್ನು ನ್ಯಾಯಾಧೀಶರೇ ಹರಿದು ಕಡಲೆಕಾಯಿ ಸಿಪ್ಪೆಯ ಜೊತೆ ಬುಟ್ಟಿಗೆ ಹಾಕಿದರು.

ಸೆಖೆ ವಿಪರೀತ. ತಣ್ಣನೆ ಚಹಾ ಕುಡಿದೆವು.

ಮೇ 26, ಶನಿವಾರ. ಮೇಕನ್

ರೇಡಿಯೋದಲ್ಲಿ ಬೆಳಿಗ್ಗೆಯಿಂದ ನನ್ನ ಹಾಡೇ. ಡೆಲ್ಲಾ ಡೈನಮೈಟ್ ನಿಧನ. ಮೊಸಳೆಯ ಪ್ರಸ್ತಾಪವೂ ಬಂತು.

ನೆರೆಹೊರೆಯವರೆಲ್ಲ ಊಟ ಹೊತ್ತು ತರುತ್ತಿದ್ದಾರೆ. ಹುರಿದ ಕೋಳಿ, ಬೇಯಿಸಿದ ಕೊಲಾರ್ಡ್ ಸೊಪ್ಪು, ಪೀಚ್ ಹಣ್ಣಿನ ಸಿಹಿ. ಮೇಜಿನ ಮೇಲೆ ಜಾಗವಿಲ್ಲ. ಪಕ್ಕದ ಮನೆಯ ಮಿಸ್ ಒಡೆಸ್ಸಾ ನನ್ನನ್ನು ತೊಟ್ಟಿಲಿನಿಂದ ಬಲ್ಲವರು. ನನ್ನ ಎರಡೂ ಕೈ ಹಿಡಿದು ಅತ್ತರು.

"ಹೇಗೆ ತಡ್ಕೊಂಡಿದ್ದೀಯೋ ಮಗಳೇ!"

"ಮಿಸ್ ಒಡೆಸ್ಸಾ, ಡೆಲ್ಲಾ ಅಂದ್ರೆ ನಾನೇ ಅಲ್ವಾ?"

"ಗೊತ್ತಮ್ಮಾ. ಅದಕ್ಕೇ ನಿನಗೆ ಎಲ್ಲರಿಗಿಂತ ಜಾಸ್ತಿ ದುಃಖ."

ಚಿಕ್ಕಮ್ಮ ಒಳಗಿನಿಂದ ಕೂಗಿದಳು: "ಯಾರು ಸತ್ರೇನು ಬಿಟ್ರೇನು, ಕೋಳಿ ಬಿಸಿ ಇದೆ, ಬಂದು ತಿನ್ನು!"

ಜೂನ್ 3, ಭಾನುವಾರ

ಇವತ್ತು ನನ್ನ ಶ್ರದ್ಧಾಂಜಲಿ ಸಭೆ. ನನ್ನನ್ನು ಹಾಡಲು ಕರೆದಿದ್ದರು.

ಲೋಕದ ಹಾಡು ಹಾಡುತ್ತಾಳೆಂದು ನನ್ನನ್ನು ಗಾಯನವೃಂದದಿಂದ ಹೊರಗೆ ಹಾಕಿದ್ದ ಚರ್ಚೇ ಅದು. ಈಗ ಪಾಸ್ಟರು "ನಮ್ಮ ಮಡಿಲಲ್ಲಿ ಬೆಳೆದ ಕೋಗಿಲೆ" ಎಂದರು. ಎಲ್ಲರ ಕೈಯಲ್ಲೂ ರಟ್ಟಿನ ಬೀಸಣಿಗೆ. ಬ್ಯಾಟ್ಸ್ ಅಚ್ಚುಹಾಕಿಸಿ ಬಾಗಿಲಲ್ಲಿ ಮಾರುತ್ತಿದ್ದ. ಅದರ ಮೇಲೆ ಡೆಲ್ಲಾಳ ಚಿತ್ರ, ಅಂದರೆ ರೋವೀನಾಳದು. ಪಾಪ, ಸತ್ತವಳ ಮುಖ ತನ್ನದೆಂದು ಹೆದರಿ ಆಕೆ ಕಪ್ಪು ಕನ್ನಡಕ, ಬಿಳಿ ಟೋಪಿ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಅಡಗಿ ಕೂತಿದ್ದಳು.

ಹೋಸಿಯಾನಿಗೆ ನಿಧಾನ ಮಾಡು ಎಂದೆ. 'ಕೆಟಲ್' ಅನ್ನು ಆರಾಧನೆಯ ಹಾಡಿನಂತೆ ಕೆಳಗಿನ ದನಿಯಲ್ಲೇ ಹಾಡಿದೆ. ಒಂದು ಚರಣವಾಗುವಷ್ಟರಲ್ಲಿ ಚರ್ಚು ತೂಗತೊಡಗಿತು. ನನಗೆ ಯಾರ ನೆನಪೂ ಇರಲಿಲ್ಲ. ಎಡಗಾಲೋ ಬಲಗಾಲೋ ಅದೂ ಗೊತ್ತಿಲ್ಲ. ಸೀಟಿಯ ಜಾಗ ಬಂತು. ಅಲ್ಲಿ ಸುಮ್ಮನೆ ನಿಂತುಬಿಡುವುದೆಂದು ಹೋಸಿಯಾನೊಂದಿಗೆ ಮಾತಾಗಿತ್ತು. ನಿಂತೆವು.

ಕೊನೆಯ ಬೆಂಚಿನವಳಿಗೆ ತಡೆಯಲಾಗಲಿಲ್ಲ. ಹಿಂದಿನಿಂದ, ಚಾವಣಿಯವರೆಗೆ, ನೆಟ್ಟಗೆ ಸೀಟಿ ಏರಿತು.

"ಡೆಲ್ಲಾ!" ಎಂದು ಯಾರೋ ಚೀರಿದರು. "ಬಂದ್ಲು! ಅವಳೇ!" ಹೆಂಗಸರು ಬಿಳಿ ಕೈಗವಸು ಎತ್ತಿ ಕುಣಿದರು, ಚರ್ಚಿನ ಹಿರಿಯರಾದ ಇಬ್ಬರು ಡೀಕನ್ನರು ಮೂರ್ಛೆ ಬಿದ್ದರು, ಪಾಸ್ಟರು "ಸಾಕ್ಷಿ! ಸಾಕ್ಷಿ!" ಎಂದು ಕೂಗಿದರು. ಬ್ಯಾಟ್ಸ್ ಕೂಡ ಬೀಸಣಿಗೆ ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಂಡ. ಅವನು ಬ್ಯಾಪ್ಟಿಸ್ಟ್, ನಮ್ಮಲ್ಲಿ ಅದನ್ನು ಹಾಕಿಕೊಳ್ಳುವುದೇ ಇಲ್ಲ.

ಹೊರಗೆ ಒಬ್ಬ ಅಪರಿಚಿತ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ ನನ್ನ ಬಳಿ ಬಂದಳು. "ನೀವೂ ಚೆನ್ನಾಗೇ ಹಾಡಿದ್ರಿ. ಬೇಜಾರು ಮಾಡ್ಕೋಬೇಡಿ, ಆಕೇನೇ ಬಂದು ಹಾಡಿದ್ಮೇಲೆ ಏನ್ ಹೇಳೋದು?"

"ಬೇಜಾರೇನಿಲ್ಲಮ್ಮಾ," ಎಂದೆ. "ಆಕೆ ಸೀಟಿ ಹಾಕೋದ್ರಲ್ಲಿ ಎತ್ತಿದ ಕೈ."

ರೋವೀನಾ ಮರದ ಹಿಂದೆ ಕೂತು ಹುರಿದ ಕೋಳಿ ತಿನ್ನುತ್ತಿದ್ದಳು. ಗಂಟಲು ಒಣಗಿದೆ ಎಂದಳು. ನನ್ನ ಚಹಾ ಅವಳಿಗೆ ಕೊಟ್ಟೆ.

ಜುಲೈ 14, ಶನಿವಾರ. ಆಲ್ಬನಿ

ಇದು ನಮ್ಮಿಬ್ಬರ ಹೆಸರಿನ ಮೊದಲ ಪ್ರೋಗ್ರಾಂ. ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ 'ಸ್ಪೈವಿ ಮತ್ತು ಪೆಟಿಗ್ರೂ' ಎಂದು ಅಚ್ಚಾಗಿದೆ. ಚಿತ್ರ ಹಾಕಿಸಿಲ್ಲ. ಹಾಕಿಸಿದ್ದರೆ ಸತ್ತವಳು ತಿರುಗಿ ಬಂದಳೆಂದು ಗಲಾಟೆಯಾಗುತ್ತಿತ್ತು.

ಸಂಜೆ ಐದಕ್ಕೆ ಮೊದಲು ಬಂದವರು ಟ್ರಾಮೆಲ್ ಎಂಬ ವಯಸ್ಸಾದ ರೈತರು. ಕಂಕುಳಲ್ಲಿ ಕಾಗದದ ಕಟ್ಟು. ವಕೀಲರ ಕಚೇರಿಯ ಬೋರ್ಡಿನಂತೆ ಎರಡು ಮನೆತನದ ಹೆಸರು ಜೋಡಿಸಿದ ಪೋಸ್ಟರ್ ನೋಡಿ ನಮ್ಮನ್ನು ವಕೀಲರೆಂದು ತಿಳಿದಿದ್ದಾರೆ.

"ಪಕ್ಕದವನು ನನ್ನ ಬೇಲಿ ಕಿತ್ತು ಒಳಗೆ ಬಂದಿದ್ದಾನೆ ತಾಯಿ. ನಿಮ್ಮಲ್ಲಿ ಸ್ಪೈವಿ ಯಾರು, ಪೆಟಿಗ್ರೂ ಯಾರು?"

ನಾವು ಹಾಡುವವರೆಂದು ಹೇಳಿದರೂ ನಂಬಲಿಲ್ಲ. ಇಷ್ಟು ದೊಡ್ಡ ಕಚೇರಿ ಇಟ್ಟುಕೊಂಡು ಬಡವನನ್ನು ಸಾಗಹಾಕಬೇಡಿ ಎಂದರು. ರೋವೀನಾ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಸೋಡಾ ಕೊಡಿಸಿದಳು. ಮಧ್ಯೆ ಬಿಡುವು ಸಿಕ್ಕಾಗ ಕಾಗದ ನೋಡುತ್ತೇನೆಂದು ನಾನೂ ಮಾತು ಕೊಟ್ಟೆ.

ಜನ ಹೆಚ್ಚಿರಲಿಲ್ಲ. ಮೊದಲೆರಡು ಹಾಡಿಗೆ ಯಾರೂ ಅಲುಗಲಿಲ್ಲ.  ಮೂರನೆಯದು ನಾವಿಬ್ಬರೂ ಕೂಡಿ ಕಟ್ಟಿದ ಹಾಡು. ನಾನು ಕೆಳಗೆ, ಅವಳು ಮೇಲೆ, ಹೋಸಿಯಾ ನಡುವೆ. ಟ್ರಾಮೆಲ್ ಅವರ ಮೊಣಕಾಲು ಮೊದಲು ಅಲುಗಿತು. ಆಮೇಲೆ ಕಾಗದದ ಕಟ್ಟು ಅಲುಗಿತು. ಕೊನೆಗೆ ಅದನ್ನು ಕುರ್ಚಿಯ ಮೇಲಿಟ್ಟು ಎದ್ದೇಬಿಟ್ಟರು. ಅವರು ಎದ್ದದ್ದು ನೋಡಿ ಹಿಂದಿನ ಸಾಲಿನವರೂ ಎದ್ದರು.

ಹಾಡು ನಿಂತಾಗ ಎಲ್ಲರ ಚಪ್ಪಾಳೆಯನ್ನೂ ಮೀರಿಸಿ ಆ ಮುದುಕರ ದನಿ ಕೇಳಿಸಿತು:

"ವಕೀಲಮ್ಮಾ, ಇನ್ನೊಂದು!"

ಇನ್ನೊಂದು ಹಾಡಿದೆವು.